ತಡವಾಗಿ ಕಲಿತ ಒಜಿಬ್ವೆ ಮಾತುಗಳು

ನನಗೆ ಒಜಿಬ್ವೆ ಭಾಷೆಯ ಹನ್ನೊಂದು ಮಾತುಗಳು ಬರುತ್ತವೆ. ಹನ್ನೊಂದನ್ನೂ ತಡವಾಗಿ ಕಲಿತೆ. ಕಲಿಯಬೇಕಾದ ಹೊತ್ತಿನಲ್ಲಿ ಅವುಗಳಲ್ಲಿ ಐದು ಮಾತು ಇಡೀ ಒಂದು ಚಳಿಗಾಲ ದಿನಾ ನನ್ನ ಕಿವಿಗೆ ಬೀಳುತ್ತಿದ್ದವು. ನಾನು ಅವನ್ನು ಗದ್ದಲ ಎಂದು ಬರೆದಿಟ್ಟೆ. ಬರೆದಿಟ್ಟೆ ಎನ್ನುವುದು ಬಾಯಿಮಾತಿಗೆ ಅಲ್ಲ. ಪೆನ್ನು ಹಿಡಿದು, ಗೆರೆ ಹಾಕಿದ ಹಾಳೆಯ ಮೇಲೆ, ಹೊತ್ತು ಗೊತ್ತು ನೋಡಿಕೊಂಡು ಬರೆದಿಟ್ಟೆ.

ಒಜಿಬ್ವೆಯವರು ಈ ನೆಲದ ಮೂಲ ಜನ. ಇಲ್ಲಿನ ದೊಡ್ಡ ಸರೋವರಗಳ ಸುತ್ತ ನಾವೆಲ್ಲ ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಇದ್ದವರು. ಟೊರೊಂಟೊ ಪಕ್ಕದ, ನಾನಿದ್ದ ಮಿಸ್ಸಿಸಾಗ ಎಂಬ ಊರಿನ ಹೆಸರೇ ಅವರ ಪೈಕಿ ಒಂದು ಪಂಗಡದ್ದು. ಅಲ್ಲಿನ ಎರಿನ್ ಮಿಲ್ಸ್ ಬಡಾವಣೆಯ ಒಂದು ಬೇಸ್‌ಮೆಂಟಿನಲ್ಲಿ ನಾಲ್ಕು ವರ್ಷ ಕಳೆದು, ಸಿಕ್ಕ ಸಿಕ್ಕ ಫಾರ್ಮಿನ ಮೇಲೆಲ್ಲ ಆ ಊರ ಹೆಸರು ಗೀಚಿದ್ದೆ. ಇದು ಯಾರ ಹೆಸರಪ್ಪ ಎಂದು ಒಂದು ದಿನವಾದರೂ ಕೇಳಿದ್ದರೆ ಹೇಳಿ. ಧಾರವಾಡದ ಹತ್ತಿರದ ಸರಕಾರಿ ಶಾಲೆಯಲ್ಲಿ ಹತ್ತು ವರ್ಷ ಕನ್ನಡ ಕಲಿಸಿದವಳು ನಾನು. ಗೊತ್ತಿಲ್ಲದ ಪದ ಕಂಡರೆ ಕೇಳಿ ತಿಳಿದುಕೊಳ್ಳಬೇಕು ಎಂದು ಮಕ್ಕಳಿಗೆ ಉಪದೇಶ ಮಾಡಿದ್ದೇ ಮಾಡಿದ್ದು.

ಆ ಟೀಚರ್ ಕೆಲಸದ ಕಾಗದಪತ್ರಗಳು ಇಲ್ಲಿ ಯಾರಿಗೂ ಬೇಕಾಗಲಿಲ್ಲ. ಆರು ತಿಂಗಳ ಕೋರ್ಸು ಮಾಡಿ, ೨೦೧೬ರಲ್ಲಿ ಬ್ರ್ಯಾಂಪ್ಟನ್ನಿನ ಒಂದು ವೃದ್ಧರ ಕೇರ್ ಹೋಮಿನಲ್ಲಿ ಕೆಲಸಕ್ಕೆ ಸೇರಿದೆ. ಎರಡು ಬಸ್ಸು ಬದಲಿಸಿ ಹೋಗಬೇಕು. ಬೆಳಗಿನ ಶಿಫ್ಟು. ಮುದುಕರಿಗೆ ಮೈ ತೊಳೆಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದು, ಡೈಪರ್ ಬದಲಿಸುವುದು. ಕೆಲಸದ ಬಗ್ಗೆ ನನಗೆ ನಾಚಿಕೆ ಇರಲಿಲ್ಲ. ಅಲ್ಲಿ ಎದುರಾದ ನಾಚಿಕೆಯೇ ಬೇರೆ.

ಎರಡನೆಯ ಮಹಡಿಯ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಳು. ಎಂಬತ್ತು ದಾಟಿತ್ತು. ಟೊರೊಂಟೊದ ಯಾವುದೋ ಹೊಲಿಗೆ ಕಾರ್ಖಾನೆಯಲ್ಲಿ ಆಯುಷ್ಯವೆಲ್ಲ ದುಡಿದವಳಂತೆ. ಒಬ್ಬಳೇ ಮಗಳು, ಅವಳೂ ತೀರಿಕೊಂಡಿದ್ದಳು. ಅಜ್ಜಿ ಮೂಲ ಜನರವಳು ಎಂಬುದು ಮುಖ ನೋಡಿದರೆ ಗೊತ್ತಾಗುತ್ತಿತ್ತು, ಆದರೆ ಫೈಲಿನಲ್ಲಿ ‘ಭಾಷೆ’ ಎಂಬಲ್ಲಿ ಇಂಗ್ಲಿಷ್ ಎಂದೇ ಇತ್ತು. ಮಾತು ಕಡಿಮೆ. ಒಗೆದ ಟವೆಲ್ಲು ತಂದಿಟ್ಟರೆ ತಾನೇ ಎಳೆದುಕೊಂಡು ಅಂಚಿಗೆ ಅಂಚು ಕೂಡಿಸಿ ಮಡಚುತ್ತಿದ್ದಳು. ನನ್ನನ್ನು ‘ಡಿಯರ್’ ಎನ್ನುತ್ತಿದ್ದಳು. ಆ ಮಹಡಿಯ ಇಪ್ಪತ್ತು ಜನರ ಪೈಕಿ ನನಗೆ ಅವಳೇ ಹೆಚ್ಚು ಇಷ್ಟವಾಗಿದ್ದಳು.

ಆ ವರ್ಷದ ಹಿಮ ಬೀಳುವ ಹೊತ್ತಿಗೆ ಅಜ್ಜಿಯ ಮರೆವು ಹೆಚ್ಚಾಯಿತು. ಮೊದಲು ನನ್ನ ಗುರುತು ಹೋಯಿತು, ಆಮೇಲೆ ಊಟದ ಹೊತ್ತು ಹೋಯಿತು, ಕಡೆಗೆ ಇಂಗ್ಲಿಷೇ ಹೋಯಿತು. ಸ್ನಾನದ ಕುರ್ಚಿಯಲ್ಲಿ ಕೂರಿಸಿದರೆ ಕಂಬಿ ಹಿಡಿದುಕೊಂಡು ಏನೋ ಒಂದು ಕೂಗು. ಊಟವಾದ ಮೇಲೆ ಇನ್ನೊಂದು ಕೂಗು. ಮಧ್ಯಾಹ್ನ ಬಾಗಿಲ ಕಡೆ ನೋಡುತ್ತ ಅದೇ ಅದೇ ರಾಗ, ಅರ್ಧ ಗಂಟೆ, ಒಂದು ಗಂಟೆ. ನಾನು ಸಮಾಧಾನದಿಂದಲೇ ಹೇಳುತ್ತಿದ್ದೆ, “ಇಂಗ್ಲಿಷ್, ಪ್ಲೀಸ್. ಇಂಗ್ಲಿಷ್‌ನಲ್ಲಿ ಹೇಳಿ.” ಕೇಳದಿದ್ದಾಗ ದನಿ ಏರಿಸಿದೆ. ಕೆಲವು ಸಲ ತೋರುಬೆರಳು ಎತ್ತಿ ಹೇಳಿದೆ. ಯಾಕೆ ಹೇಳಿದೆ ಎಂದರೆ, ನಮಗೂ ಹಾಗೇ ಹೇಳಿದ್ದರು. ಮಹಡಿಯ ಮೇಲೆ ಇಂಗ್ಲಿಷ್ ಮಾತ್ರ ಎಂಬ ನಿಯಮ ಇತ್ತು. ಪಂಜಾಬಿಯಲ್ಲಿ ನಕ್ಕಿದ್ದಕ್ಕೆ ಒಬ್ಬಳಿಗೆ ವಾರ್ನಿಂಗ್ ಪತ್ರವೇ ಬಂದಿತ್ತು. ನಾನು, ನಮ್ಮ ಮಂಗಳೂರು ಕಡೆಯ ನರ್ಸಕ್ಕ, ಇಬ್ಬರೂ ಕನ್ನಡ ಮಾತಾಡಬೇಕೆಂದರೆ ಬಟ್ಟೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆವು. ಇಷ್ಟೆಲ್ಲ ಅನುಭವಿಸಿಯೂ ನನಗೆ ಹೊಳೆಯಲಿಲ್ಲ. ಹೊಳೆಯದೆ ಹೋದ ಆ ಬುದ್ಧಿಗೆ ಏನೆನ್ನಬೇಕು?

ಹೀಗೆ ಯಾರಾದರೂ ಕೂಗಾಡಲು ಶುರುಮಾಡಿದರೆ ಒಂದು ಚಾರ್ಟು ತುಂಬುವ ಪದ್ಧತಿ ಇದೆ. ದಿನದ ಪ್ರತಿ ಅರ್ಧ ಗಂಟೆಗೆ ಒಂದು ಚೌಕ. ಅದರಲ್ಲಿ ಒಂದು ಅಂಕಿ. ಒಂದು ಎಂದರೆ ನಿದ್ದೆ, ಎರಡು ಎಂದರೆ ಎಚ್ಚರ ಮತ್ತು ಶಾಂತ, ಮೂರು ಎಂದರೆ ಗದ್ದಲ, ನಾಲ್ಕು ಎಂದರೆ ಹೊಡೆತ ಬಡಿತ. ಐದನೆಯದು ಇಲ್ಲ. ಏನೋ ಹೇಳುತ್ತಿದ್ದಾಳೆ, ನಮಗೆ ತಿಳಿಯುತ್ತಿಲ್ಲ ಎನ್ನುವುದಕ್ಕೆ ಅಂಕಿಯೇ ಇಲ್ಲ. ಉಳಿದವರು ಶಿಫ್ಟು ಮುಗಿಯುವ ಮುಂಚೆ ಕೂತು ಅಂದಾಜಿನ ಮೇಲೆ ತುಂಬುತ್ತಿದ್ದರು. ನಾನು ಹಾಗಲ್ಲ. ಗಡಿಯಾರ ನೋಡಿ, ಒಂದೂ ಚೌಕ ಬಿಡದೆ, ಪಕ್ಕದ ಸಣ್ಣ ಜಾಗದಲ್ಲಿ ಷರಾ ಸಹಿತ ತುಂಬುತ್ತಿದ್ದೆ. ‘ಅರ್ಥವಿಲ್ಲದ ಸದ್ದುಗಳು, ನಲವತ್ತು ನಿಮಿಷ.’ ‘ಸ್ನಾನದಲ್ಲಿ ಕಿರುಚಾಟ, ಕೈ ತಳ್ಳಿದರು.’

ನರ್ಸಕ್ಕ ಬಟ್ಟೆ ಕೋಣೆಯಲ್ಲಿ ಹೊಗಳಿದ್ದೇ ಹೊಗಳಿದ್ದು. “ಎಂಥ ಚಂದ ಬರೀತೀರಿ ಮಾರಾಯ್ರೆ ನೀವು! ಡಾಕ್ಟರಿಗೆ ಒಂದು ಪ್ರಶ್ನೆ ಕೇಳ್ಲಿಕ್ಕೆ ಇರ್ಲಿಲ್ಲ, ನೋಡಿದ ಕೂಡ್ಲೇ ಗುಳಿಗೆ ಬರೆದ್ರು.”

“ಟೀಚರ್ ಇದ್ದಾಕಿ ಅಲ್ರೀ ಅಕ್ಕಾರ, ರೂಢಿ ಹೋಗಂಗಿಲ್ಲ,” ಎಂದು ನಾನು ಬೀಗಿದೆ.

ಶಾಂತವಾಗಿಡುವ ಆ ಗುಳಿಗೆಗೆ ಮನೆಯವರ ಒಪ್ಪಿಗೆ ಬೇಕು. ಇದ್ದವಳು ಮೊಮ್ಮಗಳೊಬ್ಬಳೇ. ಸುಪೀರಿಯರ್ ಸರೋವರದ ಆಚೆ ದಂಡೆಯ ಒಂದು ಸಣ್ಣ ಊರಿನಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದಳು. ಇಲ್ಲಿಗೆ ಬರಬೇಕೆಂದರೆ ಒಂದೂವರೆ ದಿನದ ಡ್ರೈವು. ನರ್ಸಕ್ಕ ಫೋನು ಮಾಡಿ ನನ್ನ ಚಾರ್ಟನ್ನೇ ಓದಿ ಹೇಳಿದಳು. ಅಜ್ಜಿ ಕಷ್ಟಪಡುತ್ತಿದ್ದಾಳೆ, ಅರ್ಥವಿಲ್ಲದೆ ಕೂಗುತ್ತಾಳೆ, ಗುಳಿಗೆ ಕೊಟ್ಟರೆ ನೆಮ್ಮದಿ ಸಿಗುತ್ತದೆ. ಮೊಮ್ಮಗಳು ಹೂಂ ಎಂದಳು. ಹತ್ತು ದಿನದಲ್ಲಿ ಅಜ್ಜಿಯ ಬಾಯಿ ಕಟ್ಟಿತು. ಗದ್ದ ಎದೆಗೆ ಊರಿ ಕುಳಿತಿರುತ್ತಿದ್ದಳು. ಮಡಚಲು ಟವೆಲ್ಲು ಕೊಟ್ಟರೆ ತೊಡೆಯ ಮೇಲೆ ಹಾಗೇ ಬಿದ್ದಿರುತ್ತಿತ್ತು. ಚಾರ್ಟಿನ ತುಂಬ ಒಂದು, ಎರಡು, ಒಂದು, ಒಂದು. ಶಿಫ್ಟು ಹಗುರಾಯಿತು ಎಂದು ನನಗೆ ಖುಷಿಯಾಯಿತು. ಹೌದು, ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಮಾರ್ಚಿನಲ್ಲಿ ಶಾಲೆಗಳಿಗೆ ರಜೆ ಬಿಟ್ಟಾಗ ಮೊಮ್ಮಗಳು ಬಂದಳು. ಮೂವತ್ತರ ಆಸುಪಾಸಿನ ಗಟ್ಟಿ ಹೆಣ್ಣುಮಗಳು, ಬೂಟಿನ ತುಂಬ ಹಿಮದ ಕೆಸರು. ಅಜ್ಜಿಯ ಪಕ್ಕ ಕುರ್ಚಿ ಎಳೆದುಕೊಂಡು ಒಂದು ಗಂಟೆ ಅವಳ ಕೈ ಹಿಡಿದು ಕೂತಿದ್ದಳು. ಆಮೇಲೆ ನನ್ನನ್ನು ಕೇಳಿದಳು, “ಕೂಗುತ್ತಿದ್ದಳಂತಲ್ಲ, ಹೇಗೆ ಕೂಗುತ್ತಿದ್ದಳು?”

ಯಾರದೇ ಮಾತು ಕೇಳಿದರೂ ಹಾಗೇ ಆಡಿ ತೋರಿಸುವುದು ನನಗೆ ಹುಟ್ಟಿನಿಂದ ಬಂದದ್ದು. ಸಂಬಂಧಿಕರ ಮನೆಗಳಲ್ಲಿ ಎಲ್ಲರೂ ಕೂತು ಮಾಡಿಸಿ ನಗುತ್ತಿದ್ದರು. ಕೇಳಿದಳಲ್ಲ ಎಂದು ಮಾಡಿ ತೋರಿಸಿದೆ. ಸ್ನಾನದಲ್ಲಿ ಹೀಗೆ: ಗಾವೀನ್, ಗಾವೀನ್. ಊಟವಾದ ಮೇಲೆ ಹೀಗೆ: ನಿಬಿ. ಆಮೇಲೆ ನಡುಗುವ ದನಿಯಲ್ಲಿ, ನಿಂಗೀಕಜ್. ಬಾಗಿಲ ಕಡೆ ನೋಡುತ್ತ, ನಿವೀ ಗೀವೆ, ನಿವೀ ಗೀವೆ. ಕಡೆಗೆ ಅಳುತ್ತ, ನಿಮಾಮಾ. ದನಿಯ ಏರಿಳಿತ ಸಹಿತ ಮಾಡಿದೆ. ಸ್ವಲ್ಪ ಮುಗುಳ್ನಕ್ಕೆ ಎಂದೂ ನೆನಪು.

ಅವಳ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. “ಇನ್ನೊಂದು ಸಲ ಹೇಳಿ,” ಎಂದಳು. ಹೇಳಿದೆ. ಅವಳು ಒಂದೊಂದಾಗಿ ಬಿಡಿಸಿ ಹೇಳಿದಳು, ಬೆರಳು ಮಡಚುತ್ತ. ಗಾವೀನ್ ಎಂದರೆ ಬೇಡ. ನಿಬಿ ಎಂದರೆ ನೀರು. ನಿಂಗೀಕಜ್, ನನಗೆ ಚಳಿ. ನಿವೀ ಗೀವೆ, ನಾನು ಮನೆಗೆ ಹೋಗಬೇಕು. ನಿಮಾಮಾ, ನನ್ನ ಅಮ್ಮ.

ನೀರು ಕೇಳಿದ್ದಳು. ಅಯ್ಯೋ ದೇವರೇ, ನೀರು ಕೇಳಿದ್ದಳು, ನಾನು ಮೂರು ಎಂದು ಬರೆದಿದ್ದೆ.

ಮೊಮ್ಮಗಳು ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. “ಅಜ್ಜಿ ನಮ್ಮಮ್ಮನ ಹತ್ತಿರ ಈ ಭಾಷೆಯ ಒಂದು ಶಬ್ದವನ್ನೂ ಆಡಿದವಳಲ್ಲ, ನನ್ನ ಹತ್ತಿರವೂ ಇಲ್ಲ,” ಎಂದಳು. “ಸಣ್ಣವಳಿದ್ದಾಗ ಚರ್ಚಿನವರ ವಸತಿ ಶಾಲೆಗೆ ಹಾಕಿದ್ದರು. ನಮ್ಮ ಮಕ್ಕಳು ಅಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತು ಆಡುವ ಹಾಗಿರಲಿಲ್ಲ. ಬರುವುದಿಲ್ಲ, ಮರೆತಿದೆ ಎನ್ನುತ್ತಿದ್ದಳು. ನಾನು ಎರಡು ವರ್ಷದಿಂದ ಸಂಜೆ ಕ್ಲಾಸಿಗೆ ಹೋಗಿ ಪುಸ್ತಕದಿಂದ ಕಲಿಯುತ್ತಿದ್ದೇನೆ. ಇವಳ ಬಾಯಿಂದ ಒಂದೇ ಒಂದು ಮಾತು ಕೇಳಬೇಕು ಅಂತ ಆಸೆ. ಅವಳು ಮಾತಾಡುತ್ತಿದ್ದಳು. ನಾನು ಫೋನಿನಲ್ಲಿ ಹೂಂ ಅಂದು ಬಾಯಿ ಮುಚ್ಚಿಸಿದೆ.”

“ನಮಗ್ಯಾರಿಗೂ ಗೊತ್ತಿರಲಿಲ್ಲ,” ಎಂದೆ. ಅದು ನಿಜ. ಇಂಗ್ಲಿಷ್ ಪ್ಲೀಸ್ ಎಂದು ಬೆರಳೆತ್ತಿದ್ದನ್ನು ಹೇಳಲಿಲ್ಲ.

ಅವಳು ಡಾಕ್ಟರನ್ನು ಕಂಡು ಗುಳಿಗೆ ನಿಲ್ಲಿಸಿ ಎಂದಳು. ಒಮ್ಮೆಲೇ ಆಗುವುದಿಲ್ಲ, ವಾರವಾರ ಇಳಿಸುತ್ತೇವೆ ಎಂದರು. ಹೋಗಿ ಬರುವ ದಾರಿ ಕಳೆದರೆ ಅವಳಿಗೆ ಇಲ್ಲಿರಲು ಸಿಕ್ಕಿದ್ದು ನಾಲ್ಕೇ ದಿನ. ಹೋಗುವ ಮುಂಚೆ ನನ್ನನ್ನು ಊಟದ ಹಾಲಿನ ಮೂಲೆಗೆ ಕರೆದು ಹೇಳಿದಳು, “ನಿಮ್ಮ ಕಿವಿ ಚೆನ್ನಾಗಿದೆ. ವಾರಕ್ಕೆ ಐದು ದಿನ ನೀವು ಇವಳ ಜೊತೆ ಇರುತ್ತೀರಿ. ಇವಳ ಜೊತೆ ಇದರಲ್ಲೇ ಮಾತಾಡಿ. ಉತ್ತರ ಕೊಟ್ಟರೆ ಬರೆದಿಟ್ಟುಕೊಳ್ಳಿ. ಮತ್ತೆ ಒಂದು ಮಾತು ಆಡಿದರೂ ಫೋನು ಮಾಡಿ, ಕೆಲಸ ಹೋದರೆ ಹೋಗಲಿ, ನಾನು ಹೊರಟು ಬರುತ್ತೇನೆ.”

ಅಜ್ಜಿಯ ಐದು ಮಾತಿಗೆ ತನ್ನ ಕ್ಲಾಸಿನ ಆರು ಮಾತು ಸೇರಿಸಿ ಕಲಿಸಿದಳು. ಆನೀನ್ ಎಂದರೆ ನಮಸ್ಕಾರ. ಅಂಬೆ, ಬಾ. ನಮದಬಿನ್, ಕುಳಿತುಕೋ. ವೀಸಿನಿನ್, ಊಟ ಮಾಡು. ಮೀಗ್ವೆಚ್, ಉಪಕಾರವಾಯಿತು. ಬಾಮಾಪೀ, ಆಮೇಲೆ ಸಿಗೋಣ. ಬೀಳ್ಕೊಡುವುದಕ್ಕೆ ಅವರಲ್ಲಿ ಬೇರೆ ಮಾತಿಲ್ಲವಂತೆ, ಇಷ್ಟೇ ಅಂತೆ. ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು ಎಂದು ನಮ್ಮವರೂ ಹೇಳುತ್ತಾರೆ ಎಂದೆ. ಅವಳು ಮೊದಲ ಸಲ ನಕ್ಕಳು. ಊಟದ ಮೆನು ಹಾಳೆಯ ಹಿಂದುಗಡೆ ಹನ್ನೊಂದನ್ನೂ ಕನ್ನಡದಲ್ಲಿ ಬರೆದುಕೊಂಡೆ. ದೀರ್ಘಕ್ಕೆ ದೀರ್ಘ, ಹ್ರಸ್ವಕ್ಕೆ ಹ್ರಸ್ವ, ಚೆನ್ನಾಗಿ ಕೂತವು.

ಆಮೇಲಿನ ಆರು ವಾರ ಬಸ್ಸಿನಲ್ಲಿ ನನಗೆ ಅದೇ ಜಪ. ಬ್ರ್ಯಾಂಪ್ಟನ್ನಿನಿಂದ ಎರಿನ್ ಮಿಲ್ಸ್ ತನಕ ಕಿಟಕಿಗೆ ಮುಖ ಮಾಡಿ ಗುನುಗುವುದು. ಮನೆಯಲ್ಲಿ ರೊಟ್ಟಿ ತಟ್ಟುತ್ತ ಗುನುಗುವುದು.

“ಏನಾಗೈತಿ ನಿನಗ? ಮಂತ್ರಾ ಗಿಂತ್ರಾ ಕಲ್ಯಾಕತ್ತೀ ಏನು?” ಎಂದರು ನಮ್ಮ ಯಜಮಾನರು, ವೇರ್‌ಹೌಸಿನಿಂದ ಬಂದು ಶೂ ಬಿಚ್ಚುತ್ತ.

“ನಮದಬಿನ್,” ಎಂದೆ. “ಕುಂದರ್ರಿ ಅಂತ ಅರ್ಥ.”

“ಕುಂದರ್ತೀನಿ ಮಾರಾಯ್ತಿ, ಮೊದಲ ಚಾ ಕೊಡು.”

ಕೆಲಸದಲ್ಲಿ ನರ್ಸಕ್ಕನಿಗೆ ಎಲ್ಲ ಹೇಳಿದೆ. ಅವಳು ಹಾಸಿಗೆ ಚಾದರ ಎಣಿಸುವುದನ್ನು ಬಿಟ್ಟು ಗೋಡೆಗೆ ಒರಗಿ ನಿಂತಳು. “ನೀವೊಬ್ರೇ ಎಂಥ ಮಾಡೋದು? ನಾನೂ ಓದಿ ಹೇಳಿದ್ದಲ್ವಾ ಫೋನಲ್ಲಿ? ಇದ್ದದ್ದೇ ನಾಲ್ಕು ಅಂಕಿ,” ಎಂದಳು. ಸಮಾಧಾನಕ್ಕೆ ಹೇಳಿದ್ದು. ನನಗೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು. ಅವಳ ಮೇಲಲ್ಲ, ಆ ಹಾಳು ಚಾರ್ಟಿನ ಮೇಲೆ, ಅದನ್ನು ಸುಂದರವಾಗಿ ತುಂಬಿದ ನನ್ನ ಕೈ ಮೇಲೆ.

ಗುಳಿಗೆ ಇಳಿದಂತೆ ಅಜ್ಜಿ ಕಣ್ಣು ಬಿಡತೊಡಗಿದಳು. ಏಪ್ರಿಲ್ ಕೊನೆಗೆ ತಲೆ ಎತ್ತಿ ಕಿಟಕಿ ನೋಡಿದಳು. ಒಂದು ದಿನ ಟವೆಲ್ಲಿನ ಅಂಚು ಹುಡುಕಿದಳು. ನನಗೆ ಹಿಗ್ಗೋ ಹಿಗ್ಗು. ಮರುದಿನ ಊಟದ ನಂತರ, ಇಂಗ್ಲಿಷ್ ನಿಯಮ ಒಲೆಗೆ ಬೀಳಲಿ ಎಂದು, ಲೋಟದ ತುಂಬ ನೀರು ಹಿಡಿದು ಅವಳೆದುರು ನಿಂತೆ. ನೀಲಿ ಯೂನಿಫಾರ್ಮು, ಕೊರಳಲ್ಲಿ ಬ್ಯಾಡ್ಜು. “ಆನೀನ್,” ಎಂದೆ. ಅವಳು ನನ್ನ ಕಡೆ ನೋಡಿದಳು. ತಿಂಗಳುಗಳ ನಂತರ ಮೊದಲ ಸಲ ನನ್ನನ್ನೇ ನೋಡಿದಳು. “ನಿಬಿ?” ಎಂದೆ, ಲೋಟ ಮುಂದೆ ಮಾಡಿ.

ಅವಳು ಬಾಗಿಲ ಕಡೆ ನೋಡಿದಳು. ಯಾರಾದರೂ ಕೇಳಿಸಿಕೊಂಡರೇ ಎಂದು ನೋಡುವ ನೋಟ ಅದು. ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಳು. ಗದ್ದ ಎದೆಯಿಂದ ಎದ್ದಿತು. ಚಳಿಗಾಲದುದ್ದಕ್ಕೂ ಬಾರದಿದ್ದ ಇಂಗ್ಲಿಷು ಸ್ಪಷ್ಟವಾಗಿ ಬಂತು. “ಐ ಡೋಂಟ್ ನೋ ದಟ್ ವರ್ಡ್, ಮಿಸ್.”

ಹೆದರಿದ್ದಾಳೆ, ಧೈರ್ಯ ಹೇಳಬೇಕು ಎನಿಸಿತು. ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ಮಂಡಿಯೂರಿ ಕೂತು, ನನಗೆ ಗೊತ್ತಿದ್ದ ಮಾತುಗಳಲ್ಲೆಲ್ಲ ಮೆತ್ತಗಿನದನ್ನು ಆರಿಸಿ, ಅವಳದೇ ದನಿಯಲ್ಲಿ ಹೇಳಿದೆ. “ನಿಮಾಮಾ.”

ಅವಳ ತುಟಿ ಅದುರಿತು. “ಐ ವೋಂಟ್ ಸೇ ಇಟ್ ಎಗೇನ್, ಮಿಸ್,” ಎಂದಳು. ಮತ್ತೆ ಬಲಗೈಯನ್ನು ನಿಧಾನ ಮುಂದೆ ಚಾಚಿ, ಅಂಗೈ ಮೇಲಾಗಿ ಬಿಚ್ಚಿ, ಕಣ್ಣು ಮುಚ್ಚಿಕೊಂಡಳು.

ಅದು ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹತ್ತು ವರ್ಷ ಅಂಥ ಅಂಗೈಗಳು ನನ್ನೆದುರು ಚಾಚಿಕೊಂಡಿದ್ದವು. ನಮ್ಮ ಶಾಲೆಗೆ ಲಂಬಾಣಿ ತಾಂಡಾದ ಮಕ್ಕಳು ಬರುತ್ತಿದ್ದವು. ತಮ್ಮ ತಮ್ಮಲ್ಲಿ ತಮ್ಮ ಮಾತಾಡಿದರೆ, ಕನ್ನಡದಾಗ ಮಾತಾಡ್ರಿ ಎಂದು ಸ್ಕೇಲು ಎತ್ತುತ್ತಿದ್ದೆ. ಕೈ ಹಿಡಿ ಎಂದರೆ ಹಿಡಿಯುತ್ತಿದ್ದವು, ಹೀಗೇ, ಕಣ್ಣು ಮುಚ್ಚಿ, ಬಲಗೈ. ಜೋರಾಗಿ ಹೊಡೆಯುತ್ತಿರಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ.

ಆ ಅಂಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅವಳು ಕಣ್ಣು ಬಿಡಲಿಲ್ಲ. ಏಟಿಗೆ ಕಾಯುತ್ತಿದ್ದಳು. ಕೈ ಕೆಳಗಿಳಿಸಿದರೆ ಮತ್ತೆ ಚಾಚಿದಳು. ನೀರಿನ ಲೋಟವನ್ನು ಮೇಜಿನ ಮೇಲಿಟ್ಟು ನಾನು ಹೊರಗೆ ಬಂದುಬಿಟ್ಟೆ. ಆಮೇಲೆ ನರ್ಸಕ್ಕನೇ ಹೋಗಿ ಕುಡಿಸಿದಳು.

ಅದಾದ ಮೇಲೆ ಅವಳು ಯಾವ ಭಾಷೆಯಲ್ಲೂ ಬಾಯಿ ತೆರೆಯಲಿಲ್ಲ. ನಾನು ಒಳಗೆ ಹೋದರೆ ಬೆನ್ನು ನೆಟ್ಟಗಾಗುತ್ತಿತ್ತು, ಅಷ್ಟೇ. ನನ್ನನ್ನು ಬೇರೆ ಸಾಲಿನ ಕೋಣೆಗಳಿಗೆ ಹಾಕಿ ಎಂದು ಕೇಳಿಕೊಂಡೆ, ಹಾಕಿದರು. ಮೊಮ್ಮಗಳು ಪ್ರತಿ ಭಾನುವಾರ ಮಧ್ಯಾಹ್ನ ಫೋನು ಮಾಡುತ್ತಿದ್ದಳು. “ಏನಾದರೂ ಅಂದಳಾ?” ಎಂದು ಕೇಳುವಳು. “ಇನ್ನೂ ಇಲ್ಲ,” ಎನ್ನುವೆನು. ಇನ್ನೂ ಇಲ್ಲ, ಇನ್ನೂ ಇಲ್ಲ, ಇನ್ನೂ ಇಲ್ಲ. ನಾನು ಸಾಲು ಬದಲಿಸಿಕೊಂಡದ್ದನ್ನೂ ಹೇಳಲಿಲ್ಲ.

ಜೂನಿನಲ್ಲಿ ಅಜ್ಜಿ ನಿದ್ದೆಯಲ್ಲೇ ಹೋದಳು. ಮೊಮ್ಮಗಳು ಪಿಕಪ್ ಗಾಡಿಯಲ್ಲಿ ಬಂದು ಸಾಮಾನು ಕಟ್ಟಿದಳು. ಎರಡು ಚೀಲ, ಒಂದು ಕಂಬಳಿ, ಅಷ್ಟೇ ಆಯುಷ್ಯ. ನಾನು ಒಂದು ಚೀಲ ಹಿಡಿದು ಗಾಡಿಯ ತನಕ ಹೋದೆ. ಸಾಮಾನು ಇಟ್ಟು, ಹಿಂದಿನ ಬಾಗಿಲು ಹಾಕಿ, ಅವಳು ಕೇಳಿದಳು, “ಕೊನೆಗೂ ಒಂದು ಮಾತು ಆಡಲೇ ಇಲ್ಲವಾ?”

ಈಗಲಾದರೂ ಹೇಳಬೇಕಿತ್ತು. ಅಜ್ಜಿಯ ಮಾತು ಗುಳಿಗೆಯಿಂದ ಪೂರ್ತಿ ಹೋಗಿರಲಿಲ್ಲ, ಒಳಗೇ ಇತ್ತು, ನನ್ನನ್ನು ಕಂಡು ಅದು ಹೊರಗೆ ಬರಲಿಲ್ಲ, ಯಾಕೆಂದರೆ ಚಳಿಗಾಲವೆಲ್ಲ ಬೆರಳೆತ್ತಿ ಇಂಗ್ಲಿಷ್ ಎಂದವಳು ನಾನು. ಇಷ್ಟು ಹೇಳಲು ಎಷ್ಟು ಹೊತ್ತು ಬೇಕು? ಅರ್ಧ ನಿಮಿಷ. ನನ್ನ ಬಾಯಿಂದ ಬಂದದ್ದು, “ಇಲ್ಲ.”

ಅವಳು ತಲೆಯಾಡಿಸಿದಳು. “ನಾನು ಹೂಂ ಅನ್ನಬಾರದಿತ್ತು,” ಎಂದಳು. “ಫೋನಿನಲ್ಲಿ ಅವತ್ತು ಒಂದೇ ಒಂದು ಪ್ರಶ್ನೆ ಕೇಳಬಹುದಿತ್ತು. ಏನಂತ ಕೂಗುತ್ತಾಳೆ ಅಂತ. ಕೇಳಲಿಲ್ಲ. ನಾನೇ ಮಾಡಿದ್ದು ಇದು.” ಆಮೇಲೆ ನನ್ನನ್ನು ತಬ್ಬಿಕೊಂಡು, ನೀವೊಬ್ಬರೇ ಪ್ರಯತ್ನ ಮಾಡಿದಿರಿ ಎಂದಳು.

ಅವಳು ಹತ್ತಿ ಕೂತಳು. ಕಿಟಕಿಯ ಗಾಜು ಇಳಿದೇ ಇತ್ತು, ಗಾಡಿ ಇನ್ನೂ ನಿಂತಿತ್ತು, ನನ್ನ ಕೈಗೆ ಸಿಗುವಷ್ಟು ಹತ್ತಿರ. ಒಂದೂವರೆ ದಿನದ ದಾರಿ, ಒಬ್ಬಳೇ ಹೋಗುತ್ತಾಳೆ, ನನ್ನ ತಪ್ಪನ್ನು ತನ್ನದೆಂದು ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗಾಡಿ ರಿವರ್ಸ್ ತೆಗೆದುಕೊಂಡಿತು. ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.